ಕಾರಿನೊಳಗಿನ ಗರಗರ ಸದ್ದು

ಸದ್ದನ್ನು ಹೇಳುವ ಮಾತುಗಳಿಗೆ ಕನ್ನಡದಲ್ಲಿ ಬಡತನವಿಲ್ಲ. ಗೆಜ್ಜೆ ಘಲ್ಲೆನ್ನುತ್ತದೆ, ತರಗೆಲೆ ಸರಸರವೆನ್ನುತ್ತದೆ, ಬೀಸುವ ಕಲ್ಲು ಗರಗರವೆನ್ನುತ್ತದೆ, ಕೀಲೆಣ್ಣೆ ಒಣಗಿದ ಬಂಡಿಯ ಅಚ್ಚು ಕಿರ್ರೆನ್ನುತ್ತದೆ. ವೈಯಾಕರಣರು ಇಂಥವನ್ನು ಅನುಕರಣಾವ್ಯಯಗಳೆಂದು ಕರೆದು ವ್ಯಾಕರಣದಲ್ಲಿ ಅವಕ್ಕೊಂದು ಸ್ಥಾನವನ್ನು ಕೊಟ್ಟಿದ್ದಾರೆ. ನಾವು ಮಠದ ಪಾಠಶಾಲೆಯಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಓದುತ್ತಿದ್ದ ಕಾಲಕ್ಕೆ, ಪಾಠ ಹೇಳುತ್ತಿದ್ದ ಗುರುಗಳು ಅವ್ಯಯಗಳ ಭಾಗ ಬಂದೊಡನೆ ಪುಸ್ತಕವನ್ನು ಮುಚ್ಚಿಸಿ, ದಾಸೋಹದ ಮನೆಯ ಹಿಂದಕ್ಕೆ ಕರೆದೊಯ್ದು, ಬಾವಿಯ ರಾಟೆ, ಒರಳು, ಒಲೆಯೊಳಗಿನ ಹಸಿ ಸೌದೆ ಇವುಗಳ ಸದ್ದನ್ನು ಕೇಳಿಸಿ, ‘ಇದಕ್ಕೆ ಯಾವ ಮಾತು?’ ಎಂದು ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುತ್ತಿದ್ದರು. ಒಂದು ಸದ್ದಿಗೆ ಇನ್ನೊಂದರ ಮಾತನ್ನು ಹೇಳಿದವನು ಅಂದು ಬಾವಿಯಿಂದ ನೀರು ಸೇದಬೇಕಾಗುತ್ತಿತ್ತು. ಆ ಪಾಠವು ಐವತ್ತು ವರ್ಷಗಳ ತರುವಾಯ ಕಾಮಾಕ್ಷಿಪಾಳ್ಯದ ಒಂದು ಗ್ಯಾರೇಜಿನಲ್ಲಿ ಪ್ರಯೋಜನಕ್ಕೆ ಬಂದ ಬಗೆಯನ್ನು ವಾಚಕರ ಮುಂದಿಡಬೇಕೆಂಬುದು ಈ ಬರಹದ ಉದ್ದೇಶ.

ನಮ್ಮ ಮನೆಯಿರುವುದು ಬಸವೇಶ್ವರನಗರದಲ್ಲಿ. ಮನೆಗೊಂದು ಸಣ್ಣ ಕಾರಿದೆ. 2012ರಲ್ಲಿ ಕೊಂಡದ್ದು, ರಾಜಾಜಿನಗರದ ನೋಂದಣಿ, ಕೆಎ 02, 998 ಸಿ.ಸಿ.ಯ ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನು. ಓಡಿರುವುದು 94 ಸಾವಿರ ಕಿಲೋಮೀಟರು. ನಮ್ಮ ಬೀದಿಯೊಂದರಲ್ಲೇ ಅಂಥವು ನಾಲ್ಕಾರಿರುವುದರಿಂದ ಹೆಸರು ಹೇಳುವ ಅಗತ್ಯವಿಲ್ಲ. ನಮ್ಮ ಚಿರಂಜೀವಿಯು 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗದ ಮೆಟ್ರೋ ವೈಟ್‌ಫೀಲ್ಡಿನವರೆಗೆ ಪೂರ್ತಿಯಾದ ಮೇಲೆ ವಿಜಯನಗರದಲ್ಲಿ ರೈಲು ಹತ್ತಿ ಕಚೇರಿಗೆ ಹೋಗಿಬರುತ್ತಾನೆ. ಆದಕಾರಣ ಕಾರಿಗೆ ಉಳಿದಿರುವ ಮುಖ್ಯ ಕೆಲಸ ಒಂದೇ. ವಾರಕ್ಕೆ ಮೂರು ದಿನ, ಮಂಗಳವಾರ, ಗುರುವಾರ, ಶನಿವಾರ, ನಮ್ಮ ಅಕ್ಕನವರನ್ನು ಕೆಂಗೇರಿಯ ಕಡೆಯ ಆಸ್ಪತ್ರೆಯೊಂದಕ್ಕೆ ಡಯಾಲಿಸಿಸ್ಸಿಗೆ ಕರೆದೊಯ್ಯುವುದು. ಸಾರಥ್ಯ ನಮ್ಮದೇ.

ಅಕ್ಕನವರಿಗೆ ಈಗ 71 ವರ್ಷ. ಭಾವನವರು ತೀರಿಕೊಂಡ ಮೇಲೆ ನಮ್ಮೊಡನೆಯೇ ಇದ್ದಾರೆ. ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಮೂರು ವರ್ಷವಾಯಿತು. ಬೆಳಗಿನ ಆರು ಗಂಟೆಯ ಸರದಿ. ನಾಲ್ಕು ಗಂಟೆಗಳ ಕಾಲ ಯಂತ್ರದ ಮಗ್ಗುಲಲ್ಲಿ ಮಲಗಬೇಕು. ಹೋಗುವಾಗ ಹೇಗೋ ಹೋದಾರು. ಬರುವಾಗ ರಕ್ತದೊತ್ತಡ ಇಳಿದು ತಲೆ ತಿರುಗುವುದರಿಂದ ಮುಂದಿನ ಆಸನವನ್ನು ಪೂರ್ತಿ ಹಿಂದಕ್ಕೆ ಬಾಗಿಸಿ ಒರಗಿಸಿಯೇ ಕರೆತರಬೇಕು. ಆಟೋರಿಕ್ಷಾದ ಕುಲುಕಾಟ ಅವರಿಗೆ ಆಗದು. ನಸುಕಿನ ಐದು ಗಂಟೆಗೆ ಬಾಡಿಗೆಯ ಕಾರನ್ನು ಫೋನಿನಲ್ಲಿ ಕರೆದರೆ ಒಪ್ಪಿಕೊಂಡವನು ಹತ್ತು ನಿಮಿಷದ ಮೇಲೆ ಒಲ್ಲೆನೆನ್ನುವುದೂ ಉಂಟು. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ನಿಲ್ಲುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಅದರ ಪರಿಣಾಮ ಎಷ್ಟರಮಟ್ಟಿನದೆಂಬುದನ್ನು ಇಂಥ ರೋಗಿಯಿರುವ ಮನೆಯವರಿಗೆ ನಾವು ಹೇಳಬೇಕಾದುದಿಲ್ಲ.

ಸದ್ದನ್ನು ಮೊದಲು ಗುರುತಿಸಿದವರೂ ಅಕ್ಕನವರೇ. ಅದರಲ್ಲಿ ಆಶ್ಚರ್ಯವಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಹಲವರಿಗೆ ತೋಳಿನ ಒಂದು ಅಪಧಮನಿಯನ್ನೂ ಒಂದು ಅಭಿಧಮನಿಯನ್ನೂ ಶಸ್ತ್ರಚಿಕಿತ್ಸೆಯಿಂದ ಕೂಡಿಸಿರುತ್ತಾರೆ. ಅದಕ್ಕೆ ಫಿಸ್ಟುಲಾ ಎಂದು ಹೆಸರು. ಅದರ ಮೇಲೆ ಬೆರಳಿಟ್ಟರೆ ಒಳಗೆ ರಕ್ತ ಝುಂಯ್ಯೆಂದು ಹರಿಯುವ ಅದಿರಾಟ ತಿಳಿಯುತ್ತದೆ. ತೋಳನ್ನು ಕಿವಿಗೆ ಹಿಡಿದರೆ ಸದ್ದೂ ಕೇಳುತ್ತದೆ. ಆ ಝುಂಕಾರ ನಿಂತಿತೆಂದರೆ ರಕ್ತ ಹೆಪ್ಪುಗಟ್ಟಿರಬಹುದು, ತಡಮಾಡದೆ ಆಸ್ಪತ್ರೆಗೆ ಬರಬೇಕೆಂದು ದಾದಿಯರು ಮೊದಲ ದಿನವೇ ಹೇಳಿರುತ್ತಾರೆ. ಅಕ್ಕನವರು ಬೆಳಿಗ್ಗೆ ಎದ್ದು ವಿಭೂತಿ ಧರಿಸುವುದಕ್ಕೂ ಮೊದಲು ಎಡಗೈಯನ್ನು ಕಿವಿಗೆ ಹಿಡಿದು ಒಂದು ಗಳಿಗೆ ಸುಮ್ಮನೆ ಕುಳಿತಿರುತ್ತಾರೆ. ಹೀಗೆ ದಿನಕ್ಕೊಮ್ಮೆ ಪ್ರಾಣವನ್ನೇ ಕಿವಿಯಲ್ಲಿಟ್ಟುಕೊಂಡು ಕೇಳುವವರಿಗೆ ಕಾರಿನ ಸದ್ದು ತಪ್ಪೀತೆ?

ಕಳೆದ ಕಾರ್ತಿಕದ ಒಂದು ಗುರುವಾರ, ಸುಮನಹಳ್ಳಿಯಲ್ಲಿ ಹೊರವರ್ತುಲ ರಸ್ತೆಗೆ ತಿರುಗಿ, ನಾಗರಭಾವಿಯನ್ನು ದಾಟಿ, ನಾಯಂಡಹಳ್ಳಿಯ ಸಮೀಪಕ್ಕೆ ಬಂದಿದ್ದೆವು. ‘ತಮ್ಮಯ್ಯ, ಮುಂದುಗಡೆ ಯಾರೋ ರಾಗಿ ಬೀಸೋ ಹಾಗೆ ಕೇಳ್ತದಲ್ಲ?’ ಎಂದರು. ಗಾಜನ್ನು ಇಳಿಸಿ ಗೋಡೆಯ ಪಕ್ಕದಲ್ಲಿ ನಿಧಾನವಾಗಿ ಸಾಗಿದಾಗ ನಮಗೂ ಕೇಳಿಸಿತು. ಗೋಡೆ ಸದ್ದನ್ನು ಹಿಂದಕ್ಕೆ ಕೊಡುವುದರಿಂದ, ಒಳಗೆ ಕುಳಿತಾಗ ಅಡಗಿರುವ ಸದ್ದು ಹಾಗೆ ಹೋದಾಗ ಚೆನ್ನಾಗಿ ಕೇಳುತ್ತದೆ. ಗರಗರ, ಎಡೆಬಿಡದ, ಒಣ ಗರಗರ.

ಆ ಶುಕ್ರವಾರವೇ ನಗರದ ಪಶ್ಚಿಮ ಭಾಗದ ಒಂದು ದೊಡ್ಡ ವರ್ಕ್‌ಶಾಪಿಗೆ ಕಾರನ್ನು ಒಯ್ದೆವು. ನೆಲ ಕನ್ನಡಿಯಂತಿತ್ತು, ಕುಳಿತುಕೊಳ್ಳಲು ಮೆತ್ತೆಯ ಆಸನ, ಕುಡಿಯಲು ಕಾಫಿ. ಇಸ್ತ್ರಿಯ ಅಂಗಿ ತೊಟ್ಟ ಯುವಕನೊಬ್ಬ ನಮ್ಮ ಮಾತನ್ನೆಲ್ಲ ವಿನಯದಿಂದ ಕೇಳಿ, ಕೈಯಲ್ಲಿದ್ದ ಹಲಗೆಯಂಥ ಉಪಕರಣದಲ್ಲಿ ಬರೆದುಕೊಂಡ. ಆಮೇಲೆ ಅಚ್ಚಾಗಿ ಬಂದ ಚೀಟಿಯಲ್ಲಿ ಇದ್ದದ್ದು ‘ಎಂಜಿನ್ ನಾಯ್ಸ್’ ಎಂಬ ಎರಡೇ ಪದ. ರಾಗಿ ಬೀಸಿದಂತೆ ಎಂದು ನಾವು ಹೇಳಿದ್ದು ಎಲ್ಲಿ ಹೋಯಿತೋ! ಆ ಬಳಿಕ ಸ್ಕ್ಯಾನರ್ ಜೋಡಿಸಿದರು. ದೋಷದ ಸಂಕೇತ ಯಾವುದೂ ಕಾಣಿಸಲಿಲ್ಲ. ಕಾಣದಿದ್ದುದರಿಂದಲೇ ದೋಷ ಒಳಗಿರಬೇಕು, ಟೈಮಿಂಗ್ ಚೈನು ಸಡಿಲವಾಗಿರಬೇಕು ಎಂದು ತೀರ್ಮಾನವಾಯಿತು. ಎಂಜಿನನ್ನು ಬಿಚ್ಚಬೇಕು; ಹತ್ತು ದಿನ; 52 ಸಾವಿರ ರೂಪಾಯಿ, ಬಿಚ್ಚಿದ ಮೇಲೆ ಇನ್ನೇನಾದರೂ ಕಂಡರೆ ಅದು ಬೇರೆ.

ಸ್ಕ್ಯಾನರನ್ನು ನಾವು ಹಳಿಯುತ್ತಿಲ್ಲ. ಎಂಜಿನಿನ ಅಲ್ಲಲ್ಲಿ ಇಟ್ಟಿರುವ ಸೆನ್ಸರುಗಳು ಶಾಖವೆಷ್ಟು, ಹೊಗೆಯಲ್ಲಿ ಆಮ್ಲಜನಕವೆಷ್ಟು, ಸುತ್ತು ಎಷ್ಟು ಎಂದು ವರದಿ ಮಾಡುವುದನ್ನು ಅದು ಓದಿ ಹೇಳುತ್ತದೆ. ಇಂಧನ ಅಕಾಲದಲ್ಲಿ ಸಿಡಿಯುವುದನ್ನು ಹಿಡಿಯಲು ನಾಕ್ ಸೆನ್ಸರ್ ಎಂಬುದೂ ಇರುತ್ತದೆ. ಆದರೆ ಒಂದು ಬೇರಿಂಗು ಸವೆದು ಗರಗರವೆಂದರೆ ಅದನ್ನು ಕೇಳಿಸಿಕೊಳ್ಳುವ ಕಿವಿ ಅಲ್ಲೆಲ್ಲಿಯೂ ಇಲ್ಲ. ಇಲ್ಲದ ಕಿವಿಯ ಸಾಕ್ಷ್ಯವನ್ನು ಹಿಡಿದು 52 ಸಾವಿರದ ತೀರ್ಪು ಕೊಟ್ಟದ್ದು ಮಾತ್ರ ನಮಗೆ ಒಪ್ಪಿಗೆಯಾಗಲಿಲ್ಲ.

ಅಂದು ರಾತ್ರಿ ಮನೆಯಲ್ಲಿ ಸಮಾಲೋಚನೆ ನಡೆಯಿತು. ಹನ್ನೆರಡು ವರ್ಷ ದಾಟಿದ ಗಾಡಿಗೆ ಇಷ್ಟು ಹಣ ಸುರಿಯುವ ಬದಲು ಮಾರಿಬಿಡೋಣ, ಕಂತಿನ ಮೇಲೆ ವಿದ್ಯುತ್ತಿನ ಕಾರನ್ನು ಕೊಳ್ಳೋಣ, ನಮ್ಮ ಬೆಂಗಳೂರಿನಲ್ಲೇ 2001ರಷ್ಟು ಹಿಂದೆ ರೇವಾ ಎಂಬ ವಿದ್ಯುತ್ ಕಾರು ಬಂದಿರಲಿಲ್ಲವೇ, ಅದರಲ್ಲಿ ಎಂಜಿನಿನ ಸದ್ದೇ ಇಲ್ಲ, ಎಂಬುದು ಚಿರಂಜೀವಿಯ ವಾದ. ‘ಸದ್ದೇ ಇಲ್ಲದಿದ್ದರೆ ಕಾಯಿಲೆ ಗೊತ್ತಾಗೋದು ಹೇಗಪ್ಪ?’ ಎಂದು ಅಕ್ಕನವರು ನಕ್ಕರು. ನಕ್ಕವರು ಸ್ವಲ್ಪ ಹೊತ್ತಿನ ಮೇಲೆ, ಇನ್ನು ಮುಂದೆ ತಾವು ಆಟೋದಲ್ಲಿಯೇ ಹೋಗುವುದಾಗಿಯೂ, ಮೂರರ ಬದಲು ವಾರಕ್ಕೆ ಎರಡು ಸಲ ಹೋದರೆ ಆಗದೇ ಎಂದು ವೈದ್ಯರನ್ನು ಕೇಳುವುದಾಗಿಯೂ ಹೇಳಿದರು. ಸೊಸೆ ಎದ್ದು ಒಳಗೆ ಹೋದಳು. ಆ ಮಾತನ್ನು ಕೇಳಿದ ಮೇಲೆ, ಗಾಡಿಯನ್ನು ಮಾರುವುದೋ ಬಿಚ್ಚಿಸುವುದೋ ಎಂಬುದಕ್ಕಿಂತ ಮೊದಲು ಸದ್ದು ಯಾವುದರದೆಂದು ತಿಳಿದೇ ತೀರಬೇಕೆಂದು ನಾವು ನಿಶ್ಚಯಿಸಿದೆವು.

ಮಾಗಡಿ ರಸ್ತೆಯಿಂದ ಕಾಮಾಕ್ಷಿಪಾಳ್ಯದ ಒಳಗಿನ ಓಣಿಗಳಿಗೆ ಹೊಕ್ಕವರಿಗೆ ಗೊತ್ತು: ಒಂದು ಬಾಗಿಲಲ್ಲಿ ಲೇತ್, ಇನ್ನೊಂದರಲ್ಲಿ ಡ್ರಿಲ್ಲಿಂಗು, ಮತ್ತೊಂದರಲ್ಲಿ ವೆಲ್ಡಿಂಗಿನ ನೀಲಿ ಬೆಳಕು. ರಾಜಾಜಿನಗರದ ಕೈಗಾರಿಕಾ ಬಡಾವಣೆಯಿಂದ ಪೀಣ್ಯದವರೆಗೆ ಊರಿನ ಈ ಪಡುವಣ ಮಗ್ಗುಲೆಲ್ಲ ಕಬ್ಬಿಣದ ಕೆಲಸದವರದು. ಅಂಥ ಒಂದು ಓಣಿಯ ಕೊನೆಯಲ್ಲಿ, ತಗಡಿನ ಸೂರಿನ ಕೆಳಗೆ, ಕಾರಿನ ಕೆಲಸ ಮಾಡುವ ಮೇಸ್ತ್ರಿಯೊಬ್ಬರಿದ್ದಾರೆ. ಹುಟ್ಟೂರು ಮಾಗಡಿಯ ಕಡೆ. ವಯಸ್ಸು ನಮ್ಮ ಆಸುಪಾಸು. ಹುಡುಗನಾಗಿದ್ದಾಗ ಕೈ ಕಪ್ಪು ಮಾಡಿಕೊಂಡದ್ದು ಅಂಬಾಸಿಡರ್ ಮತ್ತು 1,089 ಸಿ.ಸಿ.ಯ ಪದ್ಮಿನಿಯ ಮೇಲೆ. ಎಲ್ಲರೂ ಅದನ್ನು ಫಿಯಟ್ ಎಂದೇ ಕರೆಯುತ್ತಿದ್ದ ದಿನಗಳವು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು, 2014ರ ಜನವರಿಯಲ್ಲಿ ಅದರ ತಯಾರಿಕೆ ನಿಲ್ಲುವವರೆಗಿನ ಮೂವತ್ತು ವರ್ಷಗಳೇ ಅವರ ವೃತ್ತಿಯ ನಡುಹಗಲು.

ಮಾರುತಿ ಹೊಸದಾಗಿ ಬಂದಾಗಿನ ಒಂದು ಸಂಗತಿಯನ್ನು ಅವರು ಹೇಳಿದರು. ಫಿಯಟ್ಟಿನ ನಾಲ್ಕು ಸಿಲಿಂಡರಿಗೆ ಒಗ್ಗಿಹೋಗಿದ್ದ ಜನರು, ನಿಂತ ಮಾರುತಿಯ ಎಂಜಿನು ಸಣ್ಣಗೆ ನಡುಗುವುದನ್ನು ಕಂಡು, ರೋಗವೆಂದು ಬಗೆದು ಗ್ಯಾರೇಜಿಗೆ ತರುತ್ತಿದ್ದರಂತೆ. ಅದು ರೋಗವಲ್ಲ. ನಾಲ್ಕು ಹೊಡೆತದ ಎಂಜಿನಿನಲ್ಲಿ ಪ್ರತಿಯೊಂದು ಸಿಲಿಂಡರೂ ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ. ನಾಲ್ಕಿದ್ದರೆ ಅರ್ಧ ಸುತ್ತಿಗೊಂದು ಸಿಡಿತ. ಮೂರಿದ್ದರೆ ಸುತ್ತಿನ ಮೂರರಲ್ಲಿ ಎರಡು ಪಾಲಿಗೊಂದು. ನಡುವಿನ ಬಿಡುವು ಹೆಚ್ಚಾದ್ದರಿಂದ ನಡುಕವೂ ಹೆಚ್ಚು. ಛಂದಸ್ಸನ್ನು ಓದಿದ ನಮಗೆ ಇದು ಒಡನೆಯೇ ಹಿಡಿಯಿತು: ಮೂರು ಮಾತ್ರೆಯ ಗಣದ ನಡೆ ನಾಲ್ಕು ಮಾತ್ರೆಯದರಂತೆ ಇರುವುದಿಲ್ಲ, ಹಾಗೆಂದು ಅದು ತಪ್ಪಲ್ಲ. ಒಂದು ಸ್ಪಾರ್ಕ್ ಪ್ಲಗ್ಗು ಕೆಟ್ಟು ಒಂದು ಸಿಲಿಂಡರು ಸಿಡಿಯದೆ ಹೋದರೆ ಆಗುವುದೇ ನಿಜವಾದ ಛಂದೋಭಂಗ, ಗಾಡಿ ಕುಂಟುತ್ತದೆ.

ನಾವು ಹೋದಾಗ ಮೇಸ್ತ್ರಿಗಳು ಬಾನೆಟ್ಟಿಗೆ ಕೈ ಹಚ್ಚಲೇ ಇಲ್ಲ. ಒಂದು ಟೈರಿನ ಮೇಲೆ ಕುಳಿತು, ‘ಅಯ್ನೋರೇ, ಬಿಚ್ಚೋದು ಇರ್ಲಿ. ಸದ್ದು ಏನಂತದೆ? ಟಕಟಕ ಅಂತದಾ, ಧಡಧಡ ಅಂತದಾ, ಗರಗರ ಅಂತದಾ?’ ಎಂದರು.

ಐವತ್ತು ವರ್ಷಗಳ ಹಿಂದಿನ ಬಾವಿಕಟ್ಟೆ ನೆನಪಾಯಿತು. ‘ಗರಗರ. ಬೀಸುವ ಕಲ್ಲಿನ ಹಾಗೆ’ ಎಂದೆವು.

‘ತಣ್ಣಗಿದ್ದಾಗ ಮಾತ್ರಾನಾ, ಬಿಸಿಯಾದ್ಮೇಲೂನಾ?’

‘ಎರಡರಲ್ಲಿಯೂ.’

‘ನಿಂತ ಗಾಡೀಲಿ ಆಕ್ಸಿಲರೇಟರ್ ಒತ್ತಿದ್ರೆ?’

‘ಸದ್ದೂ ಏರುತ್ತದೆ.’

‘ಕ್ಲಚ್ ಒತ್ತಿದ್ರೆ ನಿಲ್ತದಾ? ಎ.ಸಿ. ಹಾಕಿದ್ರೆ ಬದಲಾಗ್ತದಾ?’

ಎರಡೂ ಇಲ್ಲ. ‘ಹಂಗಾದ್ರೆ ಅರ್ಧ ಊರು ಸುತ್ತಿ ಬಂದಂಗಾಯ್ತು’ ಎಂದು ಮೇಸ್ತ್ರಿಗಳು ಎದ್ದರು.

ಆ ಐದು ಪ್ರಶ್ನೆಗಳಲ್ಲಿ ಎಷ್ಟು ಅಡಗಿತ್ತೆಂಬುದನ್ನು ಅವರು ಆಮೇಲೆ ಬಿಡಿಸಿ ಹೇಳಿದರು. ನಿಂತ ಗಾಡಿಯಲ್ಲಿಯೇ ಸದ್ದು ಬಂದರೆ ಅದು ಚಕ್ರದ್ದಲ್ಲ. ಚಕ್ರದ ಬೇರಿಂಗು ಸವೆದಾಗಲೂ ಗುಂಯ್‌ಗುಟ್ಟುತ್ತದೆ ನಿಜ. ಆದರೆ ಅದು ಓಟದ ವೇಗಕ್ಕೆ ತಕ್ಕಂತೆ ಏರುತ್ತದೆ, ತಿರುವಿನಲ್ಲಿ ಬದಲಾಗುತ್ತದೆ, ನಿಂತರೆ ನಿಲ್ಲುತ್ತದೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಹೊರಟಾಗ ಕಟಕಟವೆಂದರೆ ಚಕ್ರಕ್ಕೆ ಶಕ್ತಿಯನ್ನೊಯ್ಯುವ ದಂಡದ ಕೀಲು ಸವೆದಿದೆ. ಕ್ಲಚ್ ಒತ್ತಿದೊಡನೆ ಸದ್ದು ಅಡಗಿದರೆ ಗೇರ್‌ಬಾಕ್ಸಿನ ಒಳಗಿನ ಬೇರಿಂಗನ್ನು ಅನುಮಾನಿಸಬೇಕು. ಒತ್ತಿದಾಗಲೇ ಹುಟ್ಟಿದರೆ ಕ್ಲಚ್ಚಿನ ಬೇರಿಂಗನ್ನು. ಎ.ಸಿ. ಹಾಕಿದಾಗ ಮಾತ್ರ ಬರುವುದು ಕಂಪ್ರೆಸರಿನದಾಗಿರಬಹುದು. ಒಂದು ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲುಗಿಸಿದಂತೆ, ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಜರಜರವೆಂದರೆ ಬಹುಮಟ್ಟಿಗೆ ಸೈಲೆನ್ಸರಿನ ಮೇಲಿನ ಶಾಖ ತಡೆಯುವ ತಗಡು ಸಡಿಲವಾಗಿರುತ್ತದೆ. ಒಂದು ಕ್ಲಿಪ್ಪು ಬಿಗಿದರೆ ಮುಗಿಯಿತು. ಇದನ್ನೇ ಎಂಜಿನ್ ಹೋಯಿತೆಂದು ನಂಬಿ ನಿದ್ದೆಗೆಟ್ಟವರನ್ನು ಅವರು ಬೇಕಾದಷ್ಟು ಕಂಡಿದ್ದಾರಂತೆ.

ಟಕಟಕದ ಕಥೆ ಬೇರೆ. ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ದಂಡವು ಎಂಜಿನಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಎಂಜಿನು ನಿಂತಲ್ಲೇ ನಿಮಿಷಕ್ಕೆ 800 ಸುತ್ತುತ್ತಿದ್ದರೆ ಒಂದು ವಾಲ್ವಿನ ಟಕಟಕ ನಿಮಿಷಕ್ಕೆ 400 ಮಾತ್ರ. ಕಿವಿಗೆ ಅಭ್ಯಾಸವಿರುವವನು ಈ ನಿಧಾನದಿಂದಲೇ ಸದ್ದು ಮೇಲಿನದೋ ಕೆಳಗಿನದೋ ಎಂದು ಊಹಿಸಬಲ್ಲ. ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಇರಬೇಕಾದ ಸಂದು ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲು, ಹಾಳೆಯ ದಪ್ಪ. ಅದು ಹಿಗ್ಗಿದರೆ ಟಕಟಕ. ಆದರೆ ಆಯಿಲ್ ಕಡಿಮೆಯಾದರೂ ಟಕಟಕವೇ! ಆದ್ದರಿಂದ ಯಾವ ಸದ್ದೇ ಬರಲಿ, ಮೊದಲು ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ ಐದು ನಿಮಿಷ ಬಿಟ್ಟು, ಆಯಿಲಿನ ಕಡ್ಡಿಯನ್ನು ಎಳೆದು ನೋಡಬೇಕು. ಸದ್ದಿನೊಡನೆ ಆಯಿಲಿನ ಕೆಂಪು ದೀಪವೂ ಹೊತ್ತಿದರೆ ಮನೆ ಮುಟ್ಟಿಸೋಣವೆಂಬ ಆಸೆ ಬೇಡ. ಅಲ್ಲಿಯೇ ಬದಿಗೆ ನಿಲ್ಲಿಸಿ ಎಂಜಿನನ್ನು ಆರಿಸಬೇಕು. ಭಾರ ಬಿದ್ದಾಗ ಕೆಳಗಿನಿಂದ ಧಡ್ ಧಡ್ ಎಂದು ಬರುವ ದಪ್ಪ ಸದ್ದಿಗೂ ಇದೇ ನಿಯಮ. ಅದು ಕನೆಕ್ಟಿಂಗ್ ರಾಡಿನ ಬೇರಿಂಗಿನದಾಗಿದ್ದರೆ ಎಂಜಿನನ್ನು ಬಿಚ್ಚದೆ ದಾರಿಯಿಲ್ಲ.

ಹಾಗಾದರೆ ವರ್ಕ್‌ಶಾಪಿನವರು ಹೇಳಿದ ಟೈಮಿಂಗ್ ಚೈನು? ಚೈನು ಸಡಿಲವಾದಾಗ ಸಾಮಾನ್ಯವಾಗಿ ಬೆಳಗಿನ ತಣ್ಣನೆಯ ಎಂಜಿನನ್ನು ಹೊತ್ತಿಸಿದೊಡನೆ ಸರಪಳಿ ಅಲುಗಿದಂತೆ ಗಲಗಲವೆಂದು, ಆಯಿಲಿನ ಒತ್ತಡ ಬಿಗಿತದ ಕೊಂಡಿಗೆ ಮುಟ್ಟಿದ ಮೇಲೆ ಕೆಲವೇ ಕ್ಷಣಗಳಲ್ಲಿ ಅಡಗುತ್ತದೆ. ತುಂಬ ಸವೆದದ್ದಾದರೆ ಅಡಗುವುದಿಲ್ಲ. ಅವರ ಊಹೆ ಬುಡವಿಲ್ಲದ್ದೇನೂ ಆಗಿರಲಿಲ್ಲ. ಏಕೆಂದರೆ ಚೈನಿರುವುದೂ, ಹೊರಗಿನ ಬೆಲ್ಟು ಸುತ್ತಿಸುವ ಡೈನಮೋ, ವಾಟರ್ ಪಂಪುಗಳಿರುವುದೂ ಎಂಜಿನಿನ ಒಂದೇ ಕೊನೆಯಲ್ಲಿ. ಸದ್ದು ಆ ಕೊನೆಯದೆಂಬುದು ನಿಜ. ಅಲ್ಲಿರುವ ಐದಾರರಲ್ಲಿ ಯಾರದು ಎಂಬುದಷ್ಟೇ ಪ್ರಶ್ನೆ.

‘ಶಲ್ಯ ತೆಗೆದಿಟ್ಟು ಬನ್ನಿ ಅಯ್ನೋರೇ’ ಎಂದು ಮೇಸ್ತ್ರಿಗಳು ಮೊದಲೇ ಎಚ್ಚರಿಸಿದರು. ತಿರುಗುವ ಬೆಲ್ಟಿನ ಹತ್ತಿರ ಶಲ್ಯ, ಸೆರಗು, ಕೊರಳಿನ ಸರ, ಶಿವದಾರ ಯಾವುದೂ ಜೋಲಬಾರದು. ರೇಡಿಯೇಟರಿನ ಫ್ಯಾನು ಹೇಳದೆ ಕೇಳದೆ ತಾನಾಗಿ ತಿರುಗತೊಡಗುತ್ತದೆ. ಎಂಜಿನನ್ನು ಹೊತ್ತಿಸಿ, ಮರದ ಹಿಡಿಯ ಒಂದೂವರೆ ಅಡಿ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಡೈನಮೋದ ಮೈಗೆ ತಾಗಿಸಿ, ಹಿಡಿಯನ್ನು ತಮ್ಮ ಕಿವಿಯ ಹಿಂದಿನ ಎಲುಬಿಗೆ ಆನಿಸಿಕೊಂಡು, ಕಣ್ಣು ಮುಚ್ಚಿದರು. ಪೂಜೆಗೆ ಕುಳಿತವರ ಮುಖದಲ್ಲಿ ಕಾಣುವ ನಿಶ್ಚಲತೆ ಅಲ್ಲಿತ್ತು. ನಮ್ಮ ಕೈಗೂ ಕೊಟ್ಟರು. ಡೈನಮೋದಲ್ಲಿ ನುಣುಪಾದ ಗುಂಯ್‌ಕಾರ. ತುದಿಯನ್ನು ಒಂದು ಗೇಣು ಈಚೆಗೆ, ವಾಟರ್ ಪಂಪಿನ ಮೈಗೆ ತಂದಾಗ, ಕಿವಿಯೊಳಗೇ ಯಾರೋ ಕಲ್ಲು ಬೀಸಿದಂತಾಯಿತು.

ವೈದ್ಯರ ಸ್ಟೆತಾಸ್ಕೋಪಿನ ಹುಟ್ಟೂ ಇಂಥದ್ದೇ. 1816ರಲ್ಲಿ ಪ್ಯಾರಿಸ್ಸಿನ ಲಾಯೆನೆಕ್ ಎಂಬ ವೈದ್ಯನು, ಯುವತಿಯೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಪಟ್ಟು, ಕಾಗದದ ಹಾಳೆಗಳನ್ನು ಸುರುಳಿ ಸುತ್ತಿ ಅದರ ಮೂಲಕ ಹೃದಯದ ಬಡಿತವನ್ನು ಕೇಳಿದ. ಬರಿಯ ಕಿವಿಗಿಂತ ಚೆನ್ನಾಗಿ ಕೇಳಿಸಿತು. ಆಮೇಲೆ ಮರದ ಕೊಳವೆಯನ್ನು ಮಾಡಿಕೊಂಡು, ತಾನು ಕೇಳಿದ್ದನ್ನೆಲ್ಲ ವಿಂಗಡಿಸಿ 1819ರಲ್ಲಿ ಗ್ರಂಥವನ್ನೇ ಪ್ರಕಟಿಸಿದ. ಮೇಸ್ತ್ರಿಗಳ ಉಪಕರಣ ಅದಕ್ಕಿಂತಲೂ ಸರಳ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಸಾಗಿದರೆ ಉಕ್ಕಿನಲ್ಲಿ ಸುಮಾರು 5,000 ಮೀಟರು ಸಾಗುತ್ತದೆ. ವೇಗದ ಮಾತು ಹಾಗಿರಲಿ. ಸುತ್ತಲಿನ ಗದ್ದಲವನ್ನು ಬಿಟ್ಟು, ಮುಟ್ಟಿದ ಜಾಗದ ಅದಿರಾಟವನ್ನು ನೇರವಾಗಿ ಎಲುಬಿಗೆ ತಂದುಕೊಡುತ್ತದೆಂಬುದೇ ಇದರ ಗುಣ.

ಇಷ್ಟಾದರೂ ಮೇಸ್ತ್ರಿಗಳು ತೀರ್ಪು ಕೊಡಲಿಲ್ಲ. ಲೋಹವು ನೆರೆಮನೆಯ ಸದ್ದನ್ನೂ ಹೊತ್ತು ತರಬಹುದಲ್ಲ! ಎಂಜಿನ್ ಆರಿಸಿ, ಬೆಲ್ಟನ್ನು ಸಡಿಲಿಸಿ ಕಳಚಿದರು. ಬೆಲ್ಟಿಲ್ಲದೆ ಮತ್ತೆ ಹೊತ್ತಿಸಿದರು. ಗರಗರ ಇಲ್ಲ! ಚೈನು ಒಳಗೆ ಎಂದಿನಂತೆ ತಿರುಗುತ್ತಿದೆ, ಆದರೆ ಸದ್ದಿಲ್ಲ. ಬೆಲ್ಟಿಲ್ಲದಿದ್ದರೆ ನೀರು ತಿರುಗದೆ ಎಂಜಿನು ಕಾಯುತ್ತದೆಯಾದ್ದರಿಂದ ಅರ್ಧ ನಿಮಿಷಕ್ಕೇ ಆರಿಸಿಬಿಟ್ಟರು. 52 ಸಾವಿರದ ಪ್ರಶ್ನೆ ಆ ಅರ್ಧ ನಿಮಿಷದಲ್ಲಿ ಇತ್ಯರ್ಥವಾಯಿತು. ಆಮೇಲೆ ಒಂದೊಂದೇ ಗಾಲಿಯನ್ನು ಕೈಯಿಂದ ತಿರುಗಿಸಿದರು. ಡೈನಮೋ ಬೆಣ್ಣೆಯಂತೆ ತಿರುಗಿತು. ವಾಟರ್ ಪಂಪಿನ ಗಾಲಿ ಮರಳು ತುಂಬಿದಂತೆ ತಡೆದು ತಡೆದು ತಿರುಗಿತು. ಹಿಡಿದು ಅಲುಗಿಸಿದರೆ ಅತ್ತಿತ್ತ ಆಡಿತು. ಪಂಪಿನ ಅಡಿಯಲ್ಲಿ ಒಂದು ಸಣ್ಣ ರಂಧ್ರವನ್ನು ಬೇಕೆಂದೇ ಬಿಟ್ಟಿರುತ್ತಾರೆ. ಒಳಗಿನ ಸೀಲು ಸವೆದರೆ ಕೂಲಂಟು ಬೇರಿಂಗಿನಲ್ಲಿ ನಿಲ್ಲದೆ ಅಲ್ಲಿಂದ ಹೊರಬಂದು ಸುಳಿವು ಕೊಡಲೆಂದು. ಕನ್ನಡಿ ಹಿಡಿದು ನೋಡಿದಾಗ ಅಲ್ಲಿ ಒಣಗಿದ ಹಸಿರು ಕಲೆಯೊಂದು ಕೆಳಕ್ಕಿಳಿದಿತ್ತು.

ಇದು ಸಣ್ಣ ರೋಗವೇ, ಆದರೆ ಸುಮ್ಮನೆ ಬಿಡುವಂಥದ್ದಲ್ಲ. ಬೇರಿಂಗು ಒಂದು ದಿನ ಕಚ್ಚಿಕೊಂಡರೆ ಬೆಲ್ಟು ಕಿತ್ತುಹೋಗಿ, ಎಂಜಿನಿನೊಳಗೆ ನೀರಿನ ಸಂಚಾರ ನಿಂತು, ಕೆಲವೇ ನಿಮಿಷಗಳಲ್ಲಿ ಕಾದು, ಅಲ್ಯುಮಿನಿಯಂ ಹೆಡ್ಡು ಸೊಟ್ಟಗಾಗುತ್ತದೆ. ಆಗ ಬೇಡವೆಂದರೂ ಎಂಜಿನನ್ನು ಬಿಚ್ಚಬೇಕು. ಡಯಾಲಿಸಿಸ್ ಮುಗಿಸಿ ಒರಗಿ ಮಲಗಿದ ಅಕ್ಕನವರೊಡನೆ ಮೈಸೂರು ರಸ್ತೆಯ ನಡುವೆ ಅದಾಗಿದ್ದರೆ ಎಂಬುದನ್ನು ನೆನೆಯಲೂ ನಮಗೆ ಮನಸ್ಸಾಗಲಿಲ್ಲ.

ಶನಿವಾರದ ಸರದಿ ಮುಗಿದಿತ್ತು. ಮಂಗಳವಾರದವರೆಗೆ ಎರಡು ದಿನದ ಬಿಡುವು. ಸೋಮವಾರ ಬೆಳಿಗ್ಗೆ ಮೇಸ್ತ್ರಿಗಳ ಹುಡುಗ ಜೆ.ಸಿ. ರಸ್ತೆಗೆ ಹೋಗಿ ಪಂಪು, ಅದರ ಸೀಲು, ಹೊಸ ಬೆಲ್ಟು, ಕೂಲಂಟು ತಂದ. ಎಂಜಿನು ಪೂರ್ತಿ ತಣ್ಣಗಿದ್ದಾಗಲೇ ರೇಡಿಯೇಟರಿನ ಮುಚ್ಚಳವನ್ನು ತೆಗೆದರು; ಬಿಸಿಯಿದ್ದಾಗ ತೆಗೆದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಹಳೆಯ ಕೂಲಂಟನ್ನು ಚರಂಡಿಗೆ ಬಿಡದೆ ಡಬ್ಬಕ್ಕೆ ಹಿಡಿದದ್ದನ್ನು ಕಂಡು ಸಂತೋಷವಾಯಿತು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ಬೀದಿನಾಯಿಗಳು ನೆಕ್ಕುತ್ತವೆ, ಮತ್ತು ಸಾಯುತ್ತವೆ. ಹೊಸ ಪಂಪನ್ನು ಕೂರಿಸಿ, ಬೆಲ್ಟು ಬಿಗಿದು, ಕೂಲಂಟು ತುಂಬಿ, ಮುಚ್ಚಳ ತೆರೆದಿಟ್ಟೇ ಎಂಜಿನನ್ನು ಹೊತ್ತಿಸಿ, ಕಾರಿನ ಹೀಟರನ್ನು ಹಾಕಿ, ಒಳಗೆ ಸಿಕ್ಕಿಕೊಂಡ ಗಾಳಿಯೆಲ್ಲ ಗುಳುಗುಳುವೆಂದು ಹೊರಬರುವವರೆಗೆ ಕಾದರು. ಇದಕ್ಕೆ ಅವಸರ ಸಲ್ಲದಂತೆ. ಕೊನೆಗೆ ಮುಚ್ಚಳ ಹಾಕಿ, ಫ್ಯಾನು ಎರಡು ಸಲ ತಾನಾಗಿ ತಿರುಗಿ ನಿಂತ ಮೇಲೆಯೇ ಬಾನೆಟ್ ಇಳಿಸಿದರು. ಸಾಮಾನಿಗೂ ಕೂಲಿಗೂ ಸೇರಿ 4,600 ರೂಪಾಯಿ.

ಸುಮನಹಳ್ಳಿಯ ಮೇಲುಸೇತುವೆಯನ್ನು ಬೇಕೆಂದೇ ದೊಡ್ಡ ಗೇರಿನಲ್ಲಿ ಹತ್ತಿಸಿ, ಭಾರಕ್ಕೆ ಏನಾದರೂ ಸದ್ದು ಬರುವುದೇ ಎಂದು ನೋಡಿದೆವು; ಬರಲಿಲ್ಲ. ಹಳೆಯ ಪಂಪನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದೆವು. ಅಕ್ಕನವರು ಅದರ ಗಾಲಿಯನ್ನು ಬೆರಳಿನಿಂದ ತಿರುಗಿಸಿ, ಕಿವಿಗೆ ಹಿಡಿದು, ‘ಹೌದು, ಇದೇ’ ಎಂದರು. ಆಟೋರಿಕ್ಷಾದ ಮಾತನ್ನಾಗಲಿ, ವಾರಕ್ಕೆ ಎರಡು ಸಲದ ಮಾತನ್ನಾಗಲಿ ಅವರು ಮತ್ತೆ ಎತ್ತಿಲ್ಲ. ಚಿರಂಜೀವಿಯು ಮಾತ್ರ ವಿದ್ಯುತ್ ಕಾರಿನ ಬೆಲೆಪಟ್ಟಿಯನ್ನು ಇನ್ನೂ ನೋಡುತ್ತಿರುತ್ತಾನೆ, ನೋಡಲಿ.

ಗರಗರ ಹೋದ ಮೇಲೆ, ಅದರಡಿಯಲ್ಲಿ ಇಷ್ಟು ದಿನ ಮುಚ್ಚಿಹೋಗಿದ್ದ ಇನ್ನೊಂದು ಸದ್ದು ನಮಗೆ ಕೇಳತೊಡಗಿತು: ಎಂಜಿನಿನ ಮೇಲ್ಗಡೆಯಿಂದ ತೆಳುವಾದ, ಲೆಕ್ಕವಿಟ್ಟಂಥ ಟಿಕ್ ಟಿಕ್. ಮೇಸ್ತ್ರಿಗಳಿಗೆ ಫೋನು ಮಾಡಿ, ಫೋನನ್ನೇ ಎಂಜಿನಿನ ಹತ್ತಿರ ಹಿಡಿದೆವು. ‘ಅದು ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಅಯ್ನೋರೇ, ಅದರ ಹುಟ್ಟುಗುಣ ಅದು. ಅದು ನಿಂತ್ರೆ ಬನ್ನಿ’ ಎಂದರು.